ಬೆರಳು ಕತ್ತರಿಸಿಕೊಂಡವನು
ಸಾಮಿಲ್ಲಿನ ಗರಗಸಕ್ಕೆ ಸಿಕ್ಕಿ ಕೂಲಿ ಹೊನ್ನೂರಸ್ವಾಮಿಯ ಎರಡು ಬೆರಳು ಹೋದವು. ಬೆರಳು ತುಂಡಾದವು ಎಂಬ ಅರ್ಥದಲ್ಲಿ ಗುಮಾಸ್ತ ಇಂಗ್ಲಿಷಿನಲ್ಲಿ ವರದಿ ಬರೆದ: ‘ಹಿ ಹ್ಯಾಡ್ ಹಿಸ್ ಫಿಂಗರ್ಸ್ ಕಟ್.’

ವಿಚಾರಣೆಗೆ ಬಂದ ಲೇಬರ್ ಆಫೀಸರಿಗೆ ಮಾಲೀಕ ಆ ಸಾಲು ತೋರಿಸಿದ. “ನೋಡಿ ಸಾರ್, ‘ಐ ಹ್ಯಾಡ್ ಮೈ ಹೇರ್ ಕಟ್’ ಅಂದರೆ ನಾನೇ ಹೇಳಿ ಕೂದಲು ಕತ್ತರಿಸಿಕೊಂಡೆ ಅಂತ ತಾನೆ? ಇವನೂ ಬೇಕಂತಲೇ ಬೆರಳು ಕತ್ತರಿಸಿಕೊಂಡಿದ್ದಾನೆ. ಪರಿಹಾರ ಯಾಕೆ ಕೊಡಲಿ?”

ಇಂಗ್ಲಿಷು ಬಾರದ ಹೊನ್ನೂರಸ್ವಾಮಿ ಬ್ಯಾಂಡೇಜು ನೋಡುತ್ತ ಕೂತಿದ್ದ.

ಗುಮಾಸ್ತ ಫೈಲಿನಿಂದ ಇನ್ನೊಂದು ಕಾಗದ ತೆಗೆದ. “ಸಾಹುಕಾರರೇ, ಹೋದ ತಿಂಗಳು ನೀವು ಪೊಲೀಸರಿಗೆ ಕೊಟ್ಟ ದೂರು ಇದು. ಕಾರು ಕಳುವಾಯಿತು ಅನ್ನೋದಕ್ಕೆ ‘ಐ ಹ್ಯಾಡ್ ಮೈ ಕಾರ್ ಸ್ಟೋಲನ್’ ಅಂತ ಬರೆದಿದ್ದೀರಿ. ಹಾಗಾದರೆ ಕಾರನ್ನು ನೀವೇ ಹೇಳಿ ಕದಿಸಿದಿರಾ?”

ಮಾಲೀಕನ ಮುಖ ಕಪ್ಪಿಟ್ಟಿತು. ಆಫೀಸರು ‘ಅಪಘಾತ’ ಎಂದು ಬರೆದು ಅವನಿಂದ ಸಹಿ ಹಾಕಿಸಿಕೊಂಡರು.

ಹೊರಗೆ ಬಂದ ಹೊನ್ನೂರಸ್ವಾಮಿ ಗುಮಾಸ್ತನಿಗೆ ಕೈಮುಗಿಯಲು ಹೋದ. ಕೈ ಜೋಡಿಸಲಾಗಲಿಲ್ಲ. ಗುಮಾಸ್ತ ತಲೆ ತಗ್ಗಿಸಿದ.