ಗಿಡ್ಡ ಹಗ್ಗ

ಪ್ರಾಣೇಶ ನೌಕರಿ ಬಿಟ್ಟಾಗ ಅವನಿಗೆ ನಲವತ್ನಾಲ್ಕು. ದಣಿದು ಬಿಟ್ಟಿದ್ದ. ಎರಡು ವರ್ಷದ ಮೇಲೆ, ದುಡಿಯದೆಯೇ ಇನ್ನಷ್ಟು ದಣಿದು, ಹೊಳೆಯ ನಡುಗಡ್ಡೆಯ ಆಶ್ರಮಕ್ಕೆ ಬಂದ.

ಆಶ್ರಮವೆಂದರೆ ಎರಡು ಕೋಣೆ, ಒಂದು ಬೇವಿನ ಮರ, ಮಹಾಂತಮ್ಮ. ಅವರ ವೈರಾಗ್ಯದ ಮಾತು ಕೇಳಲು ಬಂದು ಊಟ ಮಾಡಿಕೊಂಡು ಹೋಗುವವರೇ ಹೆಚ್ಚು. ಪ್ರಾಣೇಶ ಹದಿನೈದು ವರ್ಷದಿಂದ ಬಂದು ಹೋಗುತ್ತಿದ್ದ ಶಿಷ್ಯ. ಉಂಡ ಮೇಲೆ ಪಾತ್ರೆಯನ್ನೂ ತೊಳೆಯುತ್ತಿದ್ದ.

"ಅವ್ವಾ, ಒಂದು ಅಪ್ಪಣೆ ಬೇಕಿತ್ತು," ಅಂದ.

"ಅಪ್ಪಣೆ ಕೇಳುವವರು ಆಗಲೇ ಅರ್ಧ ಕೆಲಸ ಮಾಡಿರುತ್ತಾರೆ. ಹೇಳು."

"ನನ್ನ ಹತ್ತಿರ ಷೇರುಗಳಿವೆ. ಇಪ್ಪತ್ತು ವರ್ಷ ಕೂಡಿಸಿದ್ದು. ಅವನ್ನು ಮಾರದೆ, ಅಡವಿಟ್ಟು, ಸಾಲ ತೆಗೆದು ಮನೆ ನಡೆಸುತ್ತಿದ್ದೆ."

"ಮಾರಿ ಉಣ್ಣಬಹುದಿತ್ತಲ್ಲ."

"ಮಾರಿದರೆ ಕರಗುತ್ತವೆ. ಸಾಲಕ್ಕೆ ನೂರಕ್ಕೆ ಹತ್ತು ಬಡ್ಡಿ. ಷೇರು ಹದಿನಾಲ್ಕು ಬೆಳೆಯುತ್ತದೆ. ಬಡ್ಡಿ ಕಳೆದೂ ನಾಲ್ಕು ಮಿಗುತ್ತದೆ."

"ಹದಿನಾಲ್ಕು ಅಂತ ಯಾರು ಹೇಳಿದರು?"

"ಹಿಂದಿನ ಹತ್ತು ವರ್ಷ ಹಾಗೇ ಬೆಳೆದಿದೆ."

"ಆ ಹತ್ತು ವರ್ಷ ಮುಗಿದುಹೋಯಿತಲ್ಲ."

ಪ್ರಾಣೇಶ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

"ಈಗ ಬೆಲೆ ಬಿದ್ದಿದೆ ಅವ್ವಾ. ಇಟ್ಟ ಅಡವು ಸಾಲದು ಅನ್ನುತ್ತಿದ್ದಾರೆ ಸಾಲ ಕೊಟ್ಟವರು. ನಾಳೆ ಮಧ್ಯಾಹ್ನದೊಳಗೆ ಇನ್ನಷ್ಟು ಇಡಬೇಕು. ಇಲ್ಲದಿದ್ದರೆ ಬಿದ್ದ ಬೆಲೆಗೇ ನನ್ನ ಷೇರು ಮಾರಿ ವಸೂಲು ಮಾಡಿಕೊಳ್ಳುತ್ತಾರೆ."

"ಇನ್ನಷ್ಟು ಅಂದರೆ, ಏನಿದೆ ನಿನ್ನ ಹತ್ತಿರ?"

"ನನ್ನ ಹತ್ತಿರ ಇಲ್ಲ. ವನಮಾಲಾಳದು ಇದೆ. ಅದನ್ನು ಇಡಲು ನಿಮ್ಮ ಅಪ್ಪಣೆ ಬೇಕು."

ವನಮಾಲಾ ಅವನ ಹೆಂಡತಿ. ಧಾರವಾಡದ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಟ್ಟು ಬಂದ ಹಣವನ್ನು ಮ್ಯೂಚುವಲ್ ಫಂಡಿನಲ್ಲಿ ಹಾಕಿಟ್ಟಿದ್ದಳು.

"ಅವಳಿಗೆ ಗೊತ್ತೇನು?"

"ಅಡವಿಗೆ ಒಪ್ಪಿಗೆ ಅಂತ ಸಾಲ ಕೊಟ್ಟವರಿಂದ ಮೂರು ಗಂಟೆಗೆ ಅವಳ ಫೋನಿಗೆ ಒಂದು ಓಟಿಪಿ ಬರುತ್ತದೆ. ಆರು ಅಂಕಿ. ಬಂದ ಕೂಡಲೇ ನನಗೆ ಓದಿ ಹೇಳು ಅಂದಿದ್ದೇನೆ."

"ಯಾತಕ್ಕೆ ಅಂತ ಹೇಳಿದ್ದೀಯಾ?"

"ಅವಳು ಕೇಳಲಿಲ್ಲ."

ಮಹಾಂತಮ್ಮ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದರು.

"ಆಚೆ ದಡಕ್ಕೆ ಎರಡು ಮೂಟೆ ಅಕ್ಕಿ ಬಂದಿದೆ. ಹರಿಗೋಲು ತಗೊಂಡು ಹೋಗಿ ತಾ. ಅಪ್ಪಣೆ ಎಲ್ಲಿಗೂ ಓಡಿಹೋಗುವುದಿಲ್ಲ."

ಆ ಹೊಳೆಯಲ್ಲಿ ಒಂದು ಪದ್ಧತಿ ಇದೆ. ದಡ ಮುಟ್ಟಿದೊಡನೆ ಸಾಮಾನು ಇಳಿಸಿ, ಹರಿಗೋಲನ್ನು ತಲೆಯ ಮೇಲೆ ಹೊತ್ತು ತಂದು, ಮೇಲೆ ಮಗುಚಿ ಇಡಬೇಕು. ಇಳಿದವನೇ ಹೊರಬೇಕು. ನೀರಿನಲ್ಲಿ ಕಟ್ಟಿ ಬಿಡುವ ಮಾತಿಲ್ಲ. ಮೇಲೊಂದು ಅಣೆಕಟ್ಟಿದೆ; ಬೆಳಿಗ್ಗೆ ನೀರು ಬಿಡುತ್ತಾರೆ, ಮಧ್ಯಾಹ್ನ ನಿಲ್ಲಿಸುತ್ತಾರೆ.

ಪ್ರಾಣೇಶ ಮೂಟೆಗಳನ್ನು ಹೇರಿಕೊಂಡು ಬಂದ. ದಡ ಮುಟ್ಟುವಾಗ ಫೋನು ಬಂತು, ಸಾಲ ಕೊಟ್ಟವರದೇ. ಮಾತಾಡುತ್ತಾ ಆಡುತ್ತಾ ಹರಿಗೋಲನ್ನು ಮೆಟ್ಟಿಲಿನ ಕಬ್ಬಿಣದ ಬಳೆಗೆ ಗಿಡ್ಡ ಹಗ್ಗದಿಂದ ಬಿಗಿದ, ಅಲುಗಾಡದ ಹಾಗೆ. ಮೂಟೆಗಳು ಅದರಲ್ಲೇ ಉಳಿದವು. ಮೇಲೆ ಬಂದು ಬೇವಿನ ಕೆಳಗೆ ಒರಗಿದ. ಬಹಳ ದಿನಗಳ ಮೇಲೆ ನಿದ್ದೆ ಬಂತು.

ಮಹಾಂತಮ್ಮ ಎಬ್ಬಿಸಿ ಕರೆದುಕೊಂಡು ಹೋದಾಗ ನೀರು ಎರಡು ಮೊಳ ಇಳಿದಿತ್ತು. ಹರಿಗೋಲು ಇಳಿದಿರಲಿಲ್ಲ. ಒಂದು ಅಂಚು ಹಗ್ಗಕ್ಕೆ ನೇತಾಡುತ್ತಿತ್ತು. ಇನ್ನೊಂದು ಅಂಚಿನ ಕಡೆಗೆ ಮೂಟೆಗಳು ಜಾರಿ, ಅಲ್ಲಿಂದ ನೀರು ಒಳಗೆ ಬರುತ್ತಿತ್ತು.

"ನೀರು ಇಳಿಯುತ್ತದೆ ಅಂತ ಗೊತ್ತಿರಲಿಲ್ಲವಾ?"

"ಗೊತ್ತಿತ್ತು."

"ಮತ್ತೆ?"

"ಕಟ್ಟುವಾಗ ಮೇಲಿತ್ತು ಅವ್ವಾ."

ಗಂಟು ಬಿಚ್ಚಲು ನೋಡಿದ. ಭಾರ ಜಗ್ಗಿ ಅದು ಕಲ್ಲಾಗಿತ್ತು.

"ಇನ್ನೊಂದು ಹಗ್ಗ ಕೊಡಿ. ಆ ಅಂಚಿಗೂ ಕಟ್ಟಿ ಎತ್ತಿ ನಿಲ್ಲಿಸುತ್ತೇನೆ."

"ನೀರು ಇನ್ನೂ ಇಳಿದರೆ?"

"ಇನ್ನು ಇಳಿಯಲಿಕ್ಕಿಲ್ಲ."

ಮಹಾಂತಮ್ಮ ಅವನ ಮುಖವನ್ನೇ ನೋಡಿದರು. ಸೆರಗಿನ ಮರೆಯಿಂದ ಕುಡುಗೋಲು ತೆಗೆದು ಕೊಟ್ಟರು.

"ಕೊಯ್ದರೆ ಧೊಪ್ಪನೆ ಬೀಳುತ್ತದೆ. ಅಕ್ಕಿ ಹೋಗುತ್ತದೆ," ಅಂದ ಪ್ರಾಣೇಶ.

"ಒಂದು ಮೂಟೆ ಹೋದೀತು."

"ಸ್ವಲ್ಪ ತಡೆದರೆ ಎರಡೂ ಉಳಿಯಬಹುದೇನೋ."

"ತಡೆದರೆ ಹರಿಗೋಲೂ ಹೋಗುತ್ತದೆ. ನನಗೆ ನಿಂತು ಕಾಲು ನೋಯುತ್ತಿದೆ, ಪ್ರಾಣೇಶ. ಏನಾದರೊಂದು ಮಾಡು."

ಅವನು ಹಗ್ಗ ಕೊಯ್ದ.

ಹರಿಗೋಲು ಬಿತ್ತು. ಒಂದು ಮೂಟೆ ಅಂಚು ದಾಟಿ ನೀರಿಗೆ ಉರುಳಿ ಕಾಣದಾಯಿತು. ಹರಿಗೋಲು ಎರಡು ಸುತ್ತು ತಿರುಗಿ ಸಮನಾಗಿ ನಿಂತಿತು. ಪ್ರಾಣೇಶ ಸೊಂಟದ ಮಟ್ಟ ನೀರಿಗಿಳಿದು ಅದನ್ನು ಹಿಡಿದ. ಉಳಿದ ಮೂಟೆ ಅರ್ಧ ನೆನೆದಿತ್ತು. ಅದನ್ನು ಹೆಗಲಿಗೇರಿಸಿ ಮೇಲೆ ತಂದ. ಮತ್ತೆ ಇಳಿದು, ನೀರು ಚೆಲ್ಲಿ, ಹರಿಗೋಲನ್ನು ತಲೆಯ ಮೇಲೆ ಹೊತ್ತ. ಹೊರು ಅಂತ ಯಾರೂ ಹೇಳಿರಲಿಲ್ಲ.

ಬೇವಿನ ಬುಡದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಹರಿಗೋಲು ಮಗುಚಿ ಇಟ್ಟು, ಒದ್ದೆ ಕೈಯಲ್ಲೇ ಎತ್ತಿಕೊಂಡ.

"ಏನ್ರಿ, ಎಲ್ಲಿದ್ದೀರಿ?" ವನಮಾಲಾ. "ನೀವು ಹೇಳಿದ್ದು ಬಂತು. ಓದಲಾ?"

"ಓದಬೇಡ."

"ಹತ್ತೇ ನಿಮಿಷ ಇರೋದಂತೆ. ಆಗಲೇ ನಾಲ್ಕು ನಿಮಿಷ ಆಯ್ತು."

"ಹೋಗಲಿ ಬಿಡು. ನಿನ್ನ ದುಡ್ಡನ್ನು ಅಡವಿಡೋದಕ್ಕೆ ಬಂದದ್ದು ಅದು. ನಿನಗೆ ಹೇಳಿರಲಿಲ್ಲ."

ಆ ಕಡೆ ಒಂದು ಹಾರ್ಮೋನಿಯಂ ನುಡಿಯುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ನಂದನ್ನಾ?" ಅಂದಳು. ಆಮೇಲೆ, ಮಕ್ಕಳು ಶ್ರುತಿ ತಪ್ಪಿದಾಗ ತೆಗೆಯುವ ತಣ್ಣನೆಯ ದನಿಯಲ್ಲಿ, "ಮನೆಗೆ ಬನ್ನಿ. ಕೂತು ಮಾತಾಡೋಣ."

ಪ್ರಾಣೇಶ ಮೆಟ್ಟಿಲ ಮೇಲೆ ಕೂತ. ಪಂಚೆಯಿಂದ ನೀರು ಇಳಿಯುತ್ತಿತ್ತು.

"ನಾಳೆ ಬೆಳಿಗ್ಗೆ ನಾನೇ ಷೇರು ಮಾರಿ ಸಾಲ ತೀರಿಸಿಬಿಡುತ್ತೇನೆ ಅವ್ವಾ. ಅರ್ಧವೂ ಉಳಿಯುವುದಿಲ್ಲ. ಮತ್ತೆ ಯಾರದೋ ಬಾಗಿಲಲ್ಲಿ ಕೆಲಸ ಕೇಳಿಕೊಂಡು ನಿಲ್ಲಬೇಕು. ನಲವತ್ತಾರರವನನ್ನು ಯಾರು ಕರೆಯುತ್ತಾರೆ? ನನಗೆ ಸಾಕಾಗಿಹೋಗಿದೆ."

"ನನಗೂ," ಅಂದರು ಮಹಾಂತಮ್ಮ.

ಒಳಗಿನಿಂದ ಚಾಪೆ ತಂದು ಹಾಸಿದರು. ಮೂಟೆಯ ಬಾಯಿ ಬಿಚ್ಚಿ, ನೆನೆದ ಅಕ್ಕಿಯ ಒಂದು ಹಿಡಿಯನ್ನು ಅವನ ಕೈಗೆ ಹಾಕಿದರು.

"ಹರಡು. ಇನ್ನೂ ಬಿಸಿಲಿದೆ."