ಕೆಂಡಬೆಟ್ಟದ ಸುದ್ದಿ ತಂದ ಬೋರ

ಎಲ್ಲಿ ಅಂತ ಕೇಳಬೇಡಿ, ದಾರಿ ನನಗೂ ಗೊತ್ತಿಲ್ಲ. ಅಲ್ಲೊಂದು ಬೆಂಕಿಯುಗುಳುವ ಬೆಟ್ಟ, ಕೆಂಡಬೆಟ್ಟ ಅಂತ ಹೆಸರು. ಅದರ ಎದುರಿಗೆ ಒಂದು ಘಾಟಿ. ಘಾಟಿಯ ಈಚೆ ಹೂವಮ್ಮನ ಊರು, ಆಚೆ ಅವಳ ಅಣ್ಣನ ಊರು. ಘಾಟಿಯ ನೆತ್ತಿಗೆ ಹೋದರೆ ಬೆಟ್ಟ ಪೂರಾ ಕಾಣುತ್ತೆ, ಆಚೆ ಇಳಿದರೆ ಚೂರೂ ಕಾಣಲ್ಲ. ಅದಕ್ಕೇ ಆಚೆ ಊರಿನವರದು ಒಂದು ಪದ್ಧತಿ. ಯಾರೇ ಘಾಟಿ ದಾಟಿ ಬರಲಿ, ಕುಡಿಯೋಕೆ ನೀರು ಕೊಡೋ ಮೊದಲೇ ಕೇಳ್ತಾರೆ: "ಬೆಟ್ಟ ಹೆಂಗಿದೆ?"

ಹೂವಮ್ಮನಿಗೆ ಒಬ್ಬನೇ ಮಗ, ಬೋರ. ಗಟ್ಟಿ ಆಳು, ತಲೆ ಮಾತ್ರ ಖಾಲಿ. ಅದೇ ಊರಲ್ಲಿದ್ದ ತಂಗಿ ಚೌಡಮ್ಮನಿಗೂ ಒಬ್ಬನೇ ಮಗ, ಈರಭದ್ರ. ಅವನು ಸೈಕಲ್ ಹತ್ತಿ ಘಾಟಿ ದಾಟಿ, ಮಾವನಿಗೆ ಬೆಟ್ಟದ ಸುದ್ದಿ ಹೇಳಿ, ಮಾವನ ಮಗಳು ದ್ಯಾವಿ ಬಡಿಸಿದ ಹೋಳಿಗೆ ತಿಂದು ಬರ್ತಿದ್ದ. ಸೋದರಮಾವನ ಮಗಳು, ಇಬ್ಬರಿಗೂ ಸಲ್ಲುವ ಹೆಣ್ಣೇ. ಆದರೆ ಇರೋಳು ಒಬ್ಬಳು! ಹೂವಮ್ಮನಿಗೆ ಮೊದಲೇ ಹೊಟ್ಟೆಯುರಿ. ತಂಗಿ ಹೊಸ ಸೀರೆ ಉಟ್ಟರೆ ಉರಿ, ತಂಗಿ ಮನೆ ಎಮ್ಮೆ ಹೆಚ್ಚು ಹಾಲು ಕರೆದರೆ ಉರಿ. ಈಗಂತೂ ಕೆಂಡಬೆಟ್ಟ ಸುಮ್ಮನಿದ್ದ ದಿನವೂ ಇವಳ ಹೊಟ್ಟೆ ಹೊಗೆಯಾಡ್ತಿತ್ತು.

"ಲೋ ಬೋರ! ಅವಳ ಮಗ ದ್ಯಾವೀನ ಹಾರಿಸ್ಕೊಂಡು ಹೋಗ್ತಾನೆ ಕಣೋ! ನೀನೂ ಸೈಕಲ್ ಹತ್ತು. ಬೆಟ್ಟನ ಚೆನ್ನಾಗಿ ನೋಡು, ಅದರ ಮೇಲಿಟ್ಟ ಕಣ್ಣು ತೆಗೀಬೇಡ!"

"ಆಗಲಿ ಕಣವ್ವ!"

ಹೋದ. ನೆತ್ತಿ ಹತ್ತಿದ. ನೋಡಿದ, ನೋಡಿದ, ನೋಡ್ತಾನೇ ನಿಂತ. ಕತ್ತಲಾದ ಮೇಲೆ ಮನೆಗೆ ಬಂದ.

"ಮಾವ ಏನಂದ್ರೋ?"

"ಮಾವನ ಮನೆಗೆ ಹೆಂಗವ್ವಾ ಹೋಗಲಿ? ಆಚೆ ಇಳಿದರೆ ಬೆಟ್ಟ ಮರೆಯಾಗುತ್ತೆ. ಕಣ್ಣು ತೆಗೀಬೇಡ ಅಂದಿದ್ದೆಯಲ್ಲ!"

"ಅಯ್ಯೋ ಪೆದ್ದೇ! ಅಲ್ಲಿ ಚೌಡಿ ಮಗ ಹೋಳಿಗೆ ಹೊಡೀತಿದ್ದಾನೆ! ಒಂದು ಸಲ ನೋಡು, ಸಾಕು. ಆಮೇಲೆ ಎಲ್ಲೂ ನಿಲ್ಲಬೇಡ, ಬಾಣದ ಹಾಗೆ ಹೋಗು!"

"ಆಗಲಿ ಕಣವ್ವ!"

ಹೋದ. ಒಂದು ಸಲ ನೋಡಿದ. ಘಾಟಿ ಇಳಿದ. ಜಗಲಿ ಮೇಲೆ ಮಾವ ಕೈ ಬೀಸಿದ, "ಬಾರೋ ಅಳಿಯಾ! ಬೆಟ್ಟ ಹೆಂಗಿದೆ?" ಬೋರ ನಿಂತನಾ? ಊಹೂಂ! "ಎಲ್ಲೂ ನಿಲ್ಲಬಾರದಂತೆ ಮಾವಾ!" ಅಂತ ಕೂಗಿ, ಮಾವನ ಊರು ದಾಟಿ, ಮುಂದಿನ ಊರೂ ದಾಟಿ, ಸೈಕಲ್ ಸಮೇತ ಹೊಳೆಗೆ ಬಿದ್ದ ಮೇಲೇ ನಿಂತಿದ್ದು.

"ಥೂ ನಿನ್ನ! ಈರಭದ್ರನಿಗೆ ದ್ಯಾವಿ ಬೆವರು ಒರೆಸ್ಕೊಳ್ಳೋಕೆ ಟವಲ್ ಕೊಟ್ಟಳಂತೆ. ನೀನು ಹೊಳೆ ನೀರು ಸುರಿಸ್ಕೊಂಡು ಬಂದಿದ್ದೀಯ! ಮಾವನ ಜಗಲಿ ಮುಂದೆ ಇಳಿ. ಕೈ ಮುಗಿ. ಕಂಡದ್ದನ್ನ ಕಂಡ ಹಾಗೆ ಹೇಳು!"

"ಆಗಲಿ ಕಣವ್ವ!"

ಹೋದ. ಇಳಿದ. ಕೈ ಮುಗಿದ. ಜಗಲಿ ತುಂಬ ಊರ ಜನ.

"ಏನು ಕಂಡೆಯಪ್ಪಾ ಅಳಿಯಾ?"

"ಬೆಟ್ಟಕ್ಕೆ ಮೋಡ ಮುಚ್ಚಿತ್ತು ಮಾವ, ಅದು ಕಾಣಲಿಲ್ಲ. ಘಾಟಿ ಇಳಿಯುವಾಗ ನೀವು ಕಂಡಿರಿ. ಪಕ್ಕದವರ ಬೇಲಿ ಸರಿಸಿ ನಿಮ್ಮ ಎಮ್ಮೆ ಒಳಗೆ ಬಿಡ್ತಿದ್ರಿ."

ಪಕ್ಕದ ಮನೆಯವನು ಎದ್ದು ನಿಂತ. ಆಮೇಲೆ ನಡೆದ ಜಗಳ ನಾನು ಹೇಳಲ್ಲ, ಇಲ್ಲಿ ಮಕ್ಕಳಿದ್ದಾರೆ.

ಮಾವನಿಗೆ ಸಾಕುಸಾಕಾಯ್ತು. ತಂಗಿಯರಿಬ್ಬರಿಗೂ ಹೇಳಿ ಕಳಿಸಿದ: "ಹುಣ್ಣಿಮೆ ದಿನ ಹುಡುಗರಿಬ್ಬರೂ ಬರಲಿ. ಯಾರು ಮೊದಲು ಬಂದು ಬೆಟ್ಟದ ಸುದ್ದಿ ಹೇಳ್ತಾನೋ, ಅವನು ಕೇಳಿದ್ದು ಕೊಡ್ತೀನಿ." ಏನು ಕೇಳ್ತಾರೆ ಅಂತ ಎಲ್ಲರಿಗೂ ಗೊತ್ತು.

ಹೂವಮ್ಮನಿಗೆ ಅನ್ನ ಸೇರಲಿಲ್ಲ. ಚೌಡಮ್ಮ ಆಗಲೇ ಸೊಸೆಗೆ ಬಳೆ ತಂದಿಟ್ಟಿದ್ದಾಳಂತೆ! ಹುಣ್ಣಿಮೆ ಹಿಂದಿನ ದಿನ ಅಕ್ಕತಂಗಿ ಒಂದೇ ಗಾಡಿಯಲ್ಲಿ ಅಣ್ಣನ ಮನೆಗೆ ಹೊರಟರು, ಮುಖ ಮಾತ್ರ ಬೇರೆ ಬೇರೆ ಕಡೆಗೆ. ಗಾಡಿ ಹತ್ತುವ ಮೊದಲು ಹೂವಮ್ಮ ಮಗನ ಕಿವಿ ಹಿಂಡಿದಳು.

"ನಿನ್ನ ಬುದ್ಧಿ ಮನೇಲಿಟ್ಟು ಬಾ! ಈರಭದ್ರ ಮಾವನ ಹತ್ತಿರ ಏನು ಹೇಳ್ತಾನೆ ಅಂತ ದಾರೀಲೇ ತಿಳ್ಕೊ. ಅವನಿಗಿಂತ ಮೊದಲು ಬಂದು ಅದನ್ನೇ ಹೇಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ!"

"ಆಗಲಿ ಕಣವ್ವ!"

ಮಾರನೇ ದಿನ ಈರಭದ್ರ ಘಾಟಿಯ ನೆತ್ತಿಯಲ್ಲಿ ಸೈಕಲ್ ಒರಗಿಸಿ ಬೆಟ್ಟ ನೋಡ್ತಾ ಕೂತಿದ್ದ.

"ಭದ್ರಣ್ಣಾ, ಮಾವನಿಗೆ ಏನು ಹೇಳ್ತೀಯ?"

ಈ ಪೆದ್ದನಿಗೆ ಹೇಳಿದರೆ ನಷ್ಟವೇನು ಅಂದುಕೊಂಡ ಈರಭದ್ರ. "ಹೊಗೆ ಮಲ್ಲಿಗೆ ದಂಡೆಯ ಹಾಗೆ ಬೆಳ್ಳಗೆ ಇಳಿಬಿದ್ದಿದೆ, ತುದೀಲಿ ಕುಂಕುಮದಷ್ಟು ಕೆಂಪು ಅಂತ ಹೇಳ್ತೀನಿ. ಆಮೇಲೆ, ದ್ಯಾವಿಯನ್ನ ಈರಭದ್ರನಿಗೆ ಕೊಡಿ ಅಂತ ಕೇಳ್ತೀನಿ."

"ಅಷ್ಟೇನಾ?" ಅಂದವನೇ ಬೋರ ಸೈಕಲ್ ಹತ್ತಿದ. ಬ್ರೇಕು ಮುಟ್ಟಲೇ ಇಲ್ಲ.

"ಲೋ! ನಿಲ್ಲೋ!" ಈರಭದ್ರ ಹಿಂದೆ ಬಿದ್ದ. ಸಿಗ್ತಾನಾ? ಆವತ್ತು ಮೊದಲ ಸಲ ಈರಭದ್ರನಿಗೂ ಹೊಟ್ಟೆ ಉರೀತು.

ಬೋರ ಜಗಲಿ ಮುಂದೆ ಇಳಿದ. ಕೈ ಮುಗಿದ. "ಮಾವಾ, ಹೊಗೆ ಮಲ್ಲಿಗೆ ದಂಡೆಯ ಹಾಗೆ ಬೆಳ್ಳಗೆ ಇಳಿಬಿದ್ದಿದೆ, ತುದೀಲಿ ಕುಂಕುಮದಷ್ಟು ಕೆಂಪು!"

ಬಾಗಿಲ ಹಿಂದೆ ದ್ಯಾವಿ ಬಳೆ ಸದ್ದಾಯ್ತು. ಮಾವ ಎದ್ದು ಬಂದು ತಬ್ಬಿಕೊಂಡ. "ಎಂಥ ಮಾತು ಆಡಿದೆ ಅಳಿಯಾ! ಕೇಳು, ಏನು ಬೇಕೋ ಕೇಳು!"

ಚೌಡಮ್ಮನ ಮುಖ ಸುಟ್ಟ ಬದನೆಕಾಯಿ ಆಯ್ತು. ಹೂವಮ್ಮ ಅದನ್ನ ಓರೆಗಣ್ಣಲ್ಲಿ ನೋಡಿದಳು. ಆಹಾ! ತಂಗಿ ಹುಟ್ಟಿದಾಗಿನಿಂದ ಉರೀತಿದ್ದ ಹೊಟ್ಟೆ ತಣ್ಣಗಾಯ್ತು.

ಬೋರ ಗಂಟಲು ಸರಿಮಾಡಿಕೊಂಡ. "ದ್ಯಾವಿಯನ್ನ ಈರಭದ್ರನಿಗೆ ಕೊಡಿ!"

"ಕೊಟ್ಟೆ!" ಅಂದ ಮಾವ.

ಹೂವಮ್ಮ ಎದೆ ಎದೆ ಬಡಿದುಕೊಂಡಳು. ಬೋರ ಓಡಿ ಬಂದು ಅವಳ ಕಾಲ ಹತ್ತಿರ ಕೂತ, ಬಾಯಿ ಕಿವಿ ಮುಟ್ಟುವಷ್ಟು ನಗ್ತಾ.

"ಅವ್ವಾ, ನೋಡಿದೆಯಾ? ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ! ಪಾಪ, ಭದ್ರಣ್ಣ ಇನ್ನೂ ಘಾಟಿ ಇಳೀತಾನೇ ಇದ್ದಾನೆ!"