ಎಮ್ಮೆಬೆನ್ನಿನ ಮೇಲೆ ಕೂತ ಜೀಪು

"ಬುದ್ಧೀ, ಒಬ್ಬ ಮನುಷ್ಯ ತನ್ನನ್ನು ತಾನು ಸ್ವಲ್ಪ ಉದ್ದ ಮಾಡಿಕೊಂಡರೆ ಎರಡು ಕಡೆಗೂ ಎಟುಕುವುದಿಲ್ಲವೇ?"

ಗುರುಗಳನ್ನು ಹೀಗೆ ಕೇಳಿದವನು ಗುರುಮಲ್ಲ. ಐದು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಯಾರು ಏನು ಕೇಳಿದರೂ ಅವನ ಬಾಯಿಂದ 'ಹೂಂ' ಎನ್ನುವುದು ತಾನಾಗಿಯೇ ಹೊರಗೆ ಬೀಳುತ್ತಿತ್ತು. ಊಟದ ಪಂಕ್ತಿಯಲ್ಲಿ ಬಡಿಸುವವರು "ಇನ್ನೊಂದು ಮುದ್ದೆ?" ಎಂದರೆ ಹೂಂ. ಹಿಂದೆಯೇ ಬಂದವರು "ಎಲೆ ಎತ್ತಲೇ?" ಎಂದರೆ ಅದಕ್ಕೂ ಹೂಂ. ಹೀಗಾಗಿ ಎಷ್ಟೋ ದಿನ ಬಿಸಿ ಮುದ್ದೆಯ ಸಮೇತ ಅವನ ಎಲೆ ಎದ್ದು ಹೋಗಿತ್ತು.

ಈಗ ಅದೇ ಹೂಂ ಕುತ್ತಿಗೆಗೆ ಬಂದಿತ್ತು.

ಸೋದರಮಾವ ಪುಟ್ಟಮಾದಪ್ಪ ಎರಡು ವರ್ಷದ ಹಿಂದೆ ಬಂದು, "ನನ್ನ ಮಗಳು ಚೆನ್ನಾಜಿಯ ಕೈ ಹಿಡೀತೀಯೇನೋ?" ಎಂದಿದ್ದ. ಗುರುಮಲ್ಲ ಹೂಂ ಎಂದಿದ್ದ. ಆ ಮಾತು ನಂಬಿಕೊಂಡು ಚೆನ್ನಾಜಿ ನೋಡಲು ಬಂದ ಮೂವರು ಗಂಡುಗಳನ್ನು ಬೇಡವೆಂದು ವಾಪಸು ಕಳಿಸಿದ್ದಳು. ಹೋದ ವಾರ ಗುರುಗಳು, "ಬರುವ ಸೋಮವಾರ ದೀಕ್ಷೆ ತೆಗೆದುಕೊಳ್ಳುತ್ತೀಯೇನಪ್ಪ?" ಎಂದರು. ದೀಕ್ಷೆಯೆಂದರೆ ಕಾವಿ, ಕಾವಿಯೆಂದರೆ ಸಂಸಾರವಿಲ್ಲ. ಅದಕ್ಕೂ ಅವನು ಹೂಂ ಎಂದುಬಿಟ್ಟ. ಇಂದು ಮಧ್ಯಾಹ್ನ ಮಾವ ಮದುವೆಯ ಮಾತು ಗಟ್ಟಿ ಮಾಡಲು ವೀಳ್ಯದ ತಟ್ಟೆ ಹಿಡಿದು ಮಠಕ್ಕೇ ಬರುವವನಿದ್ದ.

ಎರಡರಲ್ಲಿ ಯಾವುದು ಬೇಕೆಂದು ಗುರುಮಲ್ಲನಿಗೇ ತಿಳಿಯದು. ಪೂಜೆಗೆ ಕೂತಾಗ ಮಠವೇ ಸರಿ ಎನಿಸುತ್ತಿತ್ತು. ಕಣ್ಣು ಮುಚ್ಚಿದರೆ ಚೆನ್ನಾಜಿಯೇ ಸರಿ ಎನಿಸುತ್ತಿತ್ತು. ಪೂಜೆಯಲ್ಲಿ ಕಣ್ಣು ಮುಚ್ಚಲೇಬೇಕಾದ್ದರಿಂದ ತಲೆ ಇನ್ನಷ್ಟು ಕೆಡುತ್ತಿತ್ತು. ಕೊನೆಗೆ ಅವನೊಂದು ಉಪಾಯ ಹುಡುಕಿದ. ಬೆಳಿಗ್ಗೆ ಮಠ, ಸಂಜೆ ಮನೆ. ನಡುವೆ ನಾಲ್ಕು ಮೈಲಿ, ಅದಕ್ಕೊಂದು ಸೈಕಲ್ಲು. ಯಾರಿಗೂ ಇಲ್ಲ ಎನ್ನಬೇಕಾಗಿಲ್ಲ. ಆ ಉಪಾಯಕ್ಕೆ ಗುರುಗಳ ಒಪ್ಪಿಗೆ ಪಡೆಯಲೆಂದೇ ಈ ಪ್ರಶ್ನೆ.

ಗುರುಗಳು ನಗಲಿಲ್ಲ, ಬೈಯಲೂ ಇಲ್ಲ. "ಕೂತುಕೋ," ಎಂದು ಕತೆ ಶುರು ಮಾಡಿದರು.

ಒಂದು ಗುಡ್ಡಗಾಡಿನಲ್ಲಿ ಒಬ್ಬ ಜೀಪಿನವನಿದ್ದ. ಗುಡ್ಡದ ಈಚೆ ಕೆಳಗಿನೂರು, ಆಚೆ ಮೇಲಿನೂರು. ಎರಡಕ್ಕೂ ನಡುವೆ ಒಂದೇ ಮಣ್ಣಿನ ದಾರಿ. ದಾರಿಯ ನಡುವೆ ಒಂದು ದಿಣ್ಣೆ. ಈ ಕಡೆ ಥಟ್ಟನೆ ಏರಿ, ಆ ಕಡೆ ಥಟ್ಟನೆ ಇಳಿಯುತ್ತಿದ್ದ ಅದಕ್ಕೆ ಜನ ಎಮ್ಮೆಬೆನ್ನು ಎನ್ನುತ್ತಿದ್ದರು. ಬೇರೆ ಯಾವ ಗಾಡಿಯೂ ಅದನ್ನು ದಾಟುತ್ತಿರಲಿಲ್ಲ. ಈ ಜೀಪು ಮಾತ್ರ ದಾಟುತ್ತಿತ್ತು. ಹಳೆಯ ಕಾಲದ ಗಿಡ್ಡ ಜೀಪು. ಬಾಗಿಲಿಲ್ಲ, ಗಾಜು ಅರ್ಧವಿಲ್ಲ, ಹಾರನ್ನು ತನಗೆ ಮನಸ್ಸು ಬಂದಾಗ ಮಾತ್ರ ಕೂಗುತ್ತಿತ್ತು. ಆದರೆ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲವಿತ್ತು. ಎಮ್ಮೆಬೆನ್ನು ಬಂದರೆ ಮೇಕೆಮರಿ ಮೋಟುಗೋಡೆ ಹಾರಿದಂತೆ ಹಾರಿ ಆಚೆಗಿರುತ್ತಿತ್ತು.

ಆ ಜೀಪಿನಲ್ಲಿ ಎಂಟು ಜನ ಕೂರಬಹುದಿತ್ತು. ಹತ್ತಲು ಬರುತ್ತಿದ್ದವರು ಹದಿನೈದು, ಹದಿನಾರು. ಆ ಎರಡೂ ಊರುಗಳಲ್ಲಿ ಒಂದು ಕಟ್ಟಳೆ ಇತ್ತು. ಹತ್ತಲು ಬಂದವನಿಗೆ 'ಜಾಗವಿಲ್ಲ' ಎಂದರೆ ಮನೆಗೆ ಬಂದವನಿಗೆ ನೀರು ಕೊಡದೆ ಕಳಿಸಿದ ಹಾಗೆ. ಒಮ್ಮೆ ಹಾಗೆ ಅನ್ನಿಸಿಕೊಂಡವನು ಆ ಗಾಡಿಯನ್ನು ಮತ್ತೆ ಹತ್ತುವುದಿಲ್ಲ. ಅವನ ಬೀಗರೂ ಹತ್ತುವುದಿಲ್ಲ. ಅಲ್ಲಿ ಎಲ್ಲರೂ ಎಲ್ಲರಿಗೂ ಬೀಗರೇ.

ಜೀಪಿನವನು ಪಾಪ, ಹಾಗೆ ಎನ್ನುವ ಪೈಕಿಯೂ ಅಲ್ಲ. ಯಾರು ಬಂದು "ಒಸಿ ಜಾಗ ಅದಾ?" ಎಂದರೂ ಹೂಂ ಎನ್ನುತ್ತಿದ್ದ.

ಇಲ್ಲಿ ಗುರುಮಲ್ಲ ಕೂತಲ್ಲೇ ಸ್ವಲ್ಪ ಹೊರಳಾಡಿದ. ಗುರುಗಳು ನೋಡಿದರೂ ನೋಡದವರಂತೆ ಮುಂದುವರಿಸಿದರು.

ಹೀಗೆ ಹೂಂ ಎಂದು ಎಂದು, ಜನ ಬಾನೆಟ್ಟಿನ ಮೇಲೂ ಕೂತು ದಾರಿಯೇ ಕಾಣದಂತಾಯಿತು. ಜೀಪಿನವನು ಯೋಚಿಸಿದ. ಇಲ್ಲ ಎನ್ನುವುದು ತನ್ನಿಂದ ಆಗದ ಕೆಲಸ. ಜೀಪನ್ನು ಉದ್ದ ಮಾಡುವುದು ವೆಲ್ಡಿಂಗಿನವನಿಂದ ಆಗುವ ಕೆಲಸ. ಎರಡನೆಯದೇ ಸುಲಭ. ಪೇಟೆಗೆ ಹೋದ.

"ಹಿಂದ್ಗಡೆ ಬಾಲ ಉದ್ದ ಮಾಡು," ಎಂದ.

ವೆಲ್ಡಿಂಗಿನವನು ಜೀಪಿನ ಅಡಿಗೆ ನುಗ್ಗಿ ಹೊರಗೆ ಬಂದ. "ಬಾಲ ಒಂದೇ ಬೆಳೆಸಿದ್ರೆ ಏರಿನಲ್ಲಿ ಮೂತಿ ಎತ್ತಿ ಆಕಾಶ ನೋಡ್ತದೆ ಕಣಣ್ಣ. ಮಾಡೋದಾದ್ರೆ ಅಡೀಲಿರೋ ಚಾಸಿ ಕುಯ್ದು, ನಡುವೆ ಕಬ್ಬಿಣ ಸೇರಿಸಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ದೂರ ಮಾಡ್ಬೇಕು. ಎಷ್ಟುದ್ದ ಬೇಕು?"

"ಯಾರನ್ನೂ ಬಿಡದಷ್ಟು."

"ಹಂಗಾದ್ರೆ ನಿಮ್ಮೂರಿಗೆ ರೈಲು ಹಾಕ್ಸು." ವೆಲ್ಡಿಂಗಿನವನು ಮೀಸೆಯಲ್ಲೇ ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: "ನೋಡಣ್ಣ, ಚಕ್ರ ದೂರ ಆದಷ್ಟೂ ನಡುವಿನ ಹೊಟ್ಟೆಗೆ ಆಸರೆ ಇರಲ್ಲ. ಸಪಾಟು ರಸ್ತೇಲಿ ತೊಟ್ಟಿಲು ತೂಗ್ದಂಗೆ ಹೋಯ್ತದೆ. ದಿಣ್ಣೆ ಮೇಲೆ ಹೊಟ್ಟೆ ತಗುಲ್ತದೆ. ನಿಮ್ಮ ದಾರೀಲಿ ದಿಣ್ಣೆ ಅದಾ?"

"ಹೂಂ."

"ದೊಡ್ಡದಾ?"

"ಹೂಂ."

"ಆದ್ರೂ ಮಾಡ್ಲಾ?"

"ಹೂಂ."

ವೆಲ್ಡಿಂಗಿನವನು ಹಣೆ ಹಣೆ ಚಚ್ಚಿಕೊಂಡು ಕೆಲಸ ಹಿಡಿದ. ಚಾಸಿಯನ್ನು ನಡುವೆ ಕುಯ್ದ. ಮೂರು ಅಡಿ ಸೇರಿಸಿದ. ಬ್ರೇಕಿನ ಪೈಪು ಎಳೆದ, ಪ್ರೊಪೆಲ್ಲರ್ ಶಾಫ್ಟನ್ನೂ ಉದ್ದ ಮಾಡಿದ.

"ಪ್ರೊಪೆಲ್ಲರ್ ಶಾಫ್ಟ್ ಎಂದರೇನು ಬುದ್ಧೀ?" ಎಂದ ಗುರುಮಲ್ಲ. ಅವನಿಗೆ ತಿಳಿದುಕೊಳ್ಳುವ ಆಸೆಯೇನೂ ಇರಲಿಲ್ಲ. ಮಾವ ಬಂದಾಗಲೂ ಕತೆ ಮುಗಿಯದೆ ಇದ್ದರೆ ಉತ್ತರ ಕೊಡುವುದು ತಪ್ಪುತ್ತಿತ್ತು.

"ಎಂಜಿನ್ನಿನ ಮಾತನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಕೋಲು."

"ತಮಗೆ ಇದೆಲ್ಲ ಹೇಗೆ ಗೊತ್ತು?"

"ಮಠಕ್ಕೆ ಬರುವವರೆಲ್ಲ ಮೋಕ್ಷದ ಮಾತಾಡುತ್ತಾರೆ ಎಂದುಕೊಂಡೆಯಾ? ಮುಕ್ಕಾಲು ಜನ ಗಾಡಿ ರಿಪೇರಿ ಮಾತಾಡುತ್ತಾರೆ. ಕೇಳು."

ಜೀಪಿನವನು ದಡ್ಡನಲ್ಲ. ಊರಿಗೆ ಬಂದವನೇ ಯಾರನ್ನೂ ಹತ್ತಿಸದೆ, ತಾನೊಬ್ಬನೇ ಎಮ್ಮೆಬೆನ್ನಿನ ಮೇಲೆ ಓಡಿಸಿ ನೋಡಿದ. ಮುಂದಿನ ಚಕ್ರ ದಾಟಿತು. ಹೊಟ್ಟೆ ಮಣ್ಣಿಗೆ ಬೈತಲೆ ತೆಗೆದಂತೆ ಒಂದು ಗೆರೆ ಎಳೆಯಿತು. ಹಿಂದಿನ ಚಕ್ರವೂ ದಾಟಿತು. ವಾಪಸು ಬರುವಾಗಲೂ ಹಾಗೆಯೇ. "ಸುಮ್ನೆ ಹೆದರಿಸ್ದ ನನ್ಮಗ," ಎಂದು ವೆಲ್ಡಿಂಗಿನವನನ್ನು ಬೈದುಕೊಂಡು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಣ್ತುಂಬ ನಿದ್ದೆ ಮಾಡಿದ.

ಮರುದಿನ ಬೆಳಿಗ್ಗೆ ಹದಿನೇಳು ಜನ ಹತ್ತಿದರು. ಒಬ್ಬರ ಮಂಡಿ ಇನ್ನೊಬ್ಬರಿಗೆ ತಾಗಲಿಲ್ಲ. ಕೊನೆಗೆ ಹತ್ತಿದವಳು ಕೆಳಗಿನೂರಿನ ಸೂಲಗಿತ್ತಿ. ಮೇಲಿನೂರಿನಲ್ಲಿ ಒಬ್ಬ ಸೊಸೆಗೆ ಹೆರಿಗೆ ನೋವು ಕಾಣಿಸಿಕೊಂಡಿದೆ ಎಂದು ಕರೆ ಬಂದಿತ್ತು. ಮುದುಕಿ ನಡೆದೇ ಹೊರಟಿದ್ದಳು. ಜೀಪಿನವನೇ ನಿಲ್ಲಿಸಿ, "ಹತ್ತವ್ವ, ಈಗ ಎಲ್ರಿಗೂ ಜಾಗ ಅದೆ," ಎಂದು ಕೂರಿಸಿಕೊಂಡ.

ಕೆಳಗಿನ ಸಪಾಟು ದಾರಿಯಲ್ಲಿ ಜೀಪು ತೊಟ್ಟಿಲಂತೆಯೇ ಹೋಯಿತು. ಎಲ್ಲರೂ ಹೊಗಳಿದರು. ಎಮ್ಮೆಬೆನ್ನು ಬಂತು. ಮುಂದಿನ ಚಕ್ರಗಳು ಆಚೆಗೆ ಇಳಿದವು. ಹಿಂದಿನ ಚಕ್ರಗಳು ಈಚೆಗೆ ಇದ್ದವು. ಹದಿನೇಳು ಜನರ ಭಾರಕ್ಕೆ ಜೀಪಿನ ಸ್ಪ್ರಿಂಗ್ ಪಟ್ಟೆಗಳು ನಾಲ್ಕು ಬೆರಳು ಕುಸಿದಿದ್ದವು. ಹೊಟ್ಟೆ ಎಮ್ಮೆಬೆನ್ನಿನ ಮೇಲೆ ಕೂತಿತು. ಕೂತಿದ್ದು ಏಳಲಿಲ್ಲ.

ಜೀಪಿನವನು ಎಂಜಿನ್ ಎಬ್ಬಿಸಿದ. ನಾಲ್ಕು ಚಕ್ರಗಳೂ ಗಿರಗಿರನೆ ತಿರುಗಿದವು. ಜೀಪು ಕದಲಲಿಲ್ಲ.

ಸೂಲಗಿತ್ತಿ ಯಾರನ್ನೂ ಏನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದಳು. "ಅಲ್ಲೊಂದು ಜೀವ ಕಾಯ್ತಾ ಅದೆ ಕಣ್ಲಾ ಮಗ. ಚಕ್ರ ತಿರುಗೋದ ನೋಡ್ಕೊಂಡು ಕೂರಕ್ಕೆ ನನಗೆ ಹೊತ್ತಿಲ್ಲ," ಎಂದು ನಡೆದೇ ಹೋದಳು.

ಉಳಿದ ಹದಿನಾರು ಜನ ಇಳಿಯಲಿಲ್ಲ. ಕೆಳಗಿನೂರಿನವರು, "ನಾವು ಮೊದ್ಲು ಹತ್ದೋರು, ನಾವ್ಯಾಕೆ ಇಳಿಯವ?" ಎಂದರು. ಮೇಲಿನೂರಿನವರು, "ಇನ್ನು ಮುಂದೆ ಇರೋದೆಲ್ಲ ನಮ್ಮೂರಿನ ದಾರಿ, ನಮ್ಮ ದಾರೀಲಿ ನಾವು ಇಳಿಯವಾ?" ಎಂದರು. ಎರಡೂ ಜೀಪಿನವನಿಗೆ ಸರಿ ಎನಿಸಿತು. ಇವರು ಮಾತಾಡಿದಾಗ ಇವರ ಕಡೆ ತಲೆಯಾಡಿಸಿದ, ಅವರು ಮಾತಾಡಿದಾಗ ಅವರ ಕಡೆ ಆಡಿಸಿದ. ನಡುವೆ ಆಗಾಗ ಎಂಜಿನ್ ಎಬ್ಬಿಸಿದ. ಟಯರಿನ ವಾಸನೆ ಎರಡೂ ಊರಿಗೆ ಸಮವಾಗಿ ಹರಡಿತು.

ಸೂರ್ಯ ನೆತ್ತಿಗೆ ಬಂದ. ಮೇಲಿನೂರಿನ ಕಡೆಯಿಂದ ಒಬ್ಬ ಅಜ್ಜ ತಟ್ಟೆ ಹಿಡಿದು ಬಂದ. "ಹೆಣ್ಣುಮಗು. ಸೂಲಗಿತ್ತಿ ಹೊಸಿಲು ದಾಟಿ ಕೈ ತೊಳೆಯೋದ್ರೊಳಗೆ ಬಂದ್ಬುಡ್ತು. ಅವಳು ಇನ್ನೊಂದು ಗಳಿಗೆ ತಡ ಮಾಡಿದ್ರೆ ತಾಯಿ ಉಳೀತಿರ್ಲಿಲ್ಲ," ಎಂದು ಜೀಪಿನಲ್ಲಿ ಕೂತವರಿಗೆಲ್ಲ ಕೂತಲ್ಲೇ ಸಕ್ಕರೆ ಹಂಚಿದ. ಎಲ್ಲರೂ ಬಾಯಿಗೆ ಹಾಕಿಕೊಂಡರು. ಜೀಪಿನವನು ಮಾತ್ರ ಆ ಸಕ್ಕರೆಯನ್ನು ಅಂಗೈಯಲ್ಲೇ ಹಿಡಿದು ಕೂತ. ಮುದುಕಿ ಜೀಪು ಹತ್ತಿದ್ದು ಅವನು ಕರೆದದ್ದಕ್ಕೆ. ಅವಳೂ ಉಳಿದವರ ಹಾಗೆ ಕೂತೇ ಇದ್ದಿದ್ದರೆ?

ಅವನು ಸೀಟಿನಿಂದ ಎದ್ದ. ಹುಟ್ಟಿದಾಗಿನಿಂದ ಆಡದ ಮಾತನ್ನು ಆಡಿದ.

"ಇಳೀರಿ. ಎಲ್ರೂ."

ಯಾರಿಗೂ ನಂಬಿಕೆ ಬರಲಿಲ್ಲ. ಅವನು ಎರಡನೇ ಸಲ ಹೇಳಿದ ಮೇಲೆ ಗೊಣಗುತ್ತ ಇಳಿದರು. ಒಬ್ಬೊಬ್ಬರು ಇಳಿದಂತೆ ಪಟ್ಟೆಗಳು ಒಂದಿಷ್ಟು ಒಂದಿಷ್ಟು ಮೇಲೆದ್ದವು. ಕೊನೆಯವನು ಇಳಿದಾಗ ಹೊಟ್ಟೆ ಮಣ್ಣು ಬಿಟ್ಟಿತು. ಜೀಪು ದಿಣ್ಣೆ ದಾಟಿತು. ಒಬ್ಬರಿಗೆ ಇಲ್ಲ ಎನ್ನಲಾರದೆ ಜೀಪನ್ನೇ ಕುಯ್ಯಿಸಿದವನು ಕೊನೆಗೆ ಖಾಲಿ ಜೀಪು ಹೊಡೆದುಕೊಂಡು ಹೋದ.

ಗುರುಗಳು ನಿಲ್ಲಿಸಿದರು.

ಗುರುಮಲ್ಲ ಕಾದ. ಅವನ ತಲೆಯೊಳಗೆ ಎಲ್ಲ ಕಲಸುಮೇಲೋಗರವಾಯಿತು. ತಾನು ಜೀಪೋ, ಜೀಪಿನವನೋ? ಚೆನ್ನಾಜಿ ಮುಂದಿನ ಚಕ್ರವೋ, ಹಿಂದಿನದೋ? ಸೋಮವಾರ ಎಮ್ಮೆಬೆನ್ನಾದರೆ ಸೈಕಲ್ಲು ಏನು? ಕತೆಯಲ್ಲಿ ಮಠದ ಪರವಾಗಿ ಒಂದು ಮಾತೂ ಇರಲಿಲ್ಲ, ಮದುವೆಯ ಪರವಾಗಿಯೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದೇ. ಯಾರಾದರೂ ದೊಡ್ಡವರು ಇದು ಮಾಡು ಎನ್ನಬೇಕು, ತಾನು ಹೂಂ ಎನ್ನಬೇಕು.

"ಆಮೇಲೆ ಜೀಪನ್ನು ಮತ್ತೆ ಗಿಡ್ಡ ಮಾಡಿಸಿದನೇ ಬುದ್ಧೀ?"

"ಅದು ಅವನ ಜೀಪು. ಅವನನ್ನು ಕೇಳಬೇಕು."

"ಹಾಗಾದರೆ ನಾನು ದೀಕ್ಷೆ ತೆಗೆದುಕೊಳ್ಳುವುದು ಬೇಡವೇ?"

ಅಷ್ಟರಲ್ಲಿ ಮಠದ ಬಾಗಿಲಲ್ಲಿ ಮೊಪೆಡ್ಡು ನಿಂತ ಸದ್ದಾಯಿತು. ಪುಟ್ಟಮಾದಪ್ಪನ ಕೆಮ್ಮು ಮೊದಲು ಒಳಗೆ ಬಂತು. ಹಿಂದೆ ವೀಳ್ಯದ ತಟ್ಟೆ, ಅದರ ಹಿಂದೆ ಪುಟ್ಟಮಾದಪ್ಪ. ಅವನ ಹಿಂದೆ ಯಾರೂ ನಿರೀಕ್ಷಿಸದೆ ಇದ್ದ ಚೆನ್ನಾಜಿ. ಅವಳು ತಲೆ ತಗ್ಗಿಸಿರಲಿಲ್ಲ. ಕಂಬದ ಪಕ್ಕ ನಿಂತು ನೇರವಾಗಿ ಗುರುಮಲ್ಲನನ್ನೇ ನೋಡುತ್ತಿದ್ದಳು.

"ಏನಳಿಯ, ಮಾತು ಗಟ್ಟಿ ತಾನೇ?" ಎಂದ ಮಾವ.

ಗುರುಮಲ್ಲನ ಬಾಯಿಗೆ ಹೂಂ ಬಂತು. ಹಲ್ಲಿನವರೆಗೂ ಬಂದು ನಿಂತಿತು. ಅವನು ತಿರುಗಿ ಗುರುಗಳ ಮುಖ ನೋಡಿದ. ಎದುರಿಗಿದ್ದ ಮಣೆಯ ಮೇಲೆ ಸೋಮವಾರಕ್ಕೆಂದು ಮಡಿಚಿಟ್ಟ ಹೊಸ ಕಾವಿ ಬಟ್ಟೆ ಇತ್ತು. ಗುರುಗಳು ಅದನ್ನು ಕೈಗೆತ್ತಿಕೊಂಡು, ಪೆಟ್ಟಿಗೆಯೊಳಗಿಟ್ಟು, ಮುಚ್ಚಳ ಹಾಕಿದರು. ಆಮೇಲೆ ಮೆಟ್ಟಿನಲ್ಲಿ ಕಾಲು ತೂರಿಸಿಕೊಂಡು, ಬಿಸಿಲಿಗೆ ಹೊರಡುವ ಮೊದಲು, ಮೆಲ್ಲಗೆ ಹೇಳಿದರು.

"ನಿನ್ನ ಜೀಪಿನಿಂದ ನಾನು ಇಳಿದೆ ಗುರುಮಲ್ಲ."

ಗುರುಮಲ್ಲ ಹಲ್ಲಿನವರೆಗೆ ಬಂದಿದ್ದ ಹೂಂ ನುಂಗಿಕೊಂಡು ಚೆನ್ನಾಜಿಯ ಕಡೆ ತಿರುಗಿದ.